ಸೂರ್ಯ ಎಷ್ಟು ದೊಡ್ಡವನು, ಚಂದ್ರ ಎಷ್ಟು ದೂರ: ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ಸಂಜೆಯಾದರೆ ಸಣ್ಣದೊಂದು ದೂರದರ್ಶಕ ಹೊತ್ತುಕೊಂಡು ಶಾಲೆಯ ಅಂಗಳ, ಅಪಾರ್ಟ್‌ಮೆಂಟಿನ ತಾರಸಿ ಅಂತ ತಿರುಗುವ ಹವ್ಯಾಸ ನನ್ನದು. ಚಂದ್ರನ ಕುಳಿ ನೋಡಲು ಸಾಲು ನಿಂತವರು ಕೇಳುವ ಪ್ರಶ್ನೆಗಳು ಊರು ಬದಲಾದರೂ ಬದಲಾಗುವುದಿಲ್ಲ. ಅವನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಮೊದಲು ಲೆಕ್ಕ ಹೇಳಿಬಿಡಿ. ಮೂರರ ಗಾತ್ರ ಎಷ್ಟು, ದೂರ ಎಷ್ಟು?

ಭೂಮಿಯ ವ್ಯಾಸ ಸರಾಸರಿ 12,742 ಕಿ.ಮೀ. ಚಂದ್ರನದು 3,474 ಕಿ.ಮೀ. ಸೂರ್ಯನದು ಸುಮಾರು 13,92,000 ಕಿ.ಮೀ. ಚಂದ್ರ ನಮ್ಮಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದಾನೆ, ಸೂರ್ಯ ಸುಮಾರು 14 ಕೋಟಿ 96 ಲಕ್ಷ ಕಿ.ಮೀ. ದೂರದಲ್ಲಿ.

ಇಷ್ಟನ್ನೂ ಮರೆತರೆ ನಷ್ಟವಿಲ್ಲ. ನಾನು ನೆನಪಿಟ್ಟುಕೊಂಡಿರುವುದು ಬೇರೆಯದೇ. ಎಲ್ಲವನ್ನೂ ಭೂಮಿಯಿಂದಲೇ ಅಳೆಯುತ್ತೇನೆ. ಸೂರ್ಯನ ಅಗಲಕ್ಕೆ 109 ಭೂಮಿ. ಇಲ್ಲಿಂದ ಚಂದ್ರನವರೆಗೆ ಸಾಲಾಗಿ ಇಟ್ಟರೆ 30 ಭೂಮಿ. ಸೂರ್ಯನವರೆಗೆ ಇಟ್ಟರೆ ಸುಮಾರು 11,700 ಭೂಮಿ. ಚಂದ್ರನೊಬ್ಬ ಮಾತ್ರ ಭೂಮಿಗಿಂತ ಚಿಕ್ಕವನು. ಭೂಮಿಯ ಅಗಲದಲ್ಲಿ ಮೂರೂವರೆ ಚಂದ್ರರಿಗಿಂತ ಸ್ವಲ್ಪ ಹೆಚ್ಚು ಹಿಡಿಸುತ್ತಾರೆ.

ಲಕ್ಷ, ಕೋಟಿ ತಲೆಗೆ ಹತ್ತುವುದಿಲ್ಲ. ಮನೆಯಲ್ಲಿರುವ ಸಾಮಾನಿನಲ್ಲಿ ತೋರಿಸಬಹುದೇ?

ಬಹುದು. ಅಡುಗೆಮನೆಯಿಂದ ಒಂದು ಕಾಳುಮೆಣಸು ತನ್ನಿ. ದಪ್ಪ ಕಾಳು ಸುಮಾರು 5 ಮಿ.ಮೀ. ಇರುತ್ತದೆ. ಅದು ಭೂಮಿ. ಸಾಸಿವೆ ಡಬ್ಬಿಯಿಂದ ಚಿಕ್ಕದೊಂದು ಕಾಳು ಆರಿಸಿ, ಒಂದೂವರೆ ಮಿ.ಮೀ.ಗಿಂತ ತುಸು ಕಡಿಮೆ ಇರುವಂಥದ್ದು. ಅದು ಚಂದ್ರ. ಈಗ ಮಕ್ಕಳ ಕಂಪಾಸ್ ಬಾಕ್ಸಿನ 15 ಸೆಂ.ಮೀ. ಸ್ಕೇಲನ್ನು ಮೇಜಿನ ಮೇಲಿಟ್ಟು, ಒಂದು ತುದಿಗೆ ಮೆಣಸು, ಇನ್ನೊಂದು ತುದಿಗೆ ಸಾಸಿವೆ ಇಡಿ. ಹೆಬ್ಬೆರಳು, ತೋರುಬೆರಳು ಚಾಚಿದರೆ ಬರುವ ಚೋಟುದ್ದ. ಭೂಮಿಗೂ ಚಂದ್ರನಿಗೂ ಇರುವ ಅಂತರ ಅಷ್ಟು. ಮನುಷ್ಯ ಇದುವರೆಗೆ ಹೋಗಿಬಂದಿರುವುದೂ ಹೆಚ್ಚುಕಮ್ಮಿ ಅಷ್ಟೇ.

ಇನ್ನು ಸೂರ್ಯ. ಇದೇ ಅಳತೆಯಲ್ಲಿ ಅವನ ಅಗಲ 55 ಸೆಂ.ಮೀ., ಅಂದರೆ ಅಕ್ಕಿ ಕೇರುವ ದೊಡ್ಡ ಮೊರದಷ್ಟು. ಮೊರ ಚಪ್ಪಟೆ, ಸೂರ್ಯ ಉಂಡೆ. ಹಾಗಾಗಿ ಜಿಮ್‌ನಲ್ಲಿ ಕೂತು ವ್ಯಾಯಾಮ ಮಾಡುವ ದೊಡ್ಡ ಗಾಳಿಚೆಂಡು ಸಿಕ್ಕರೆ ಇನ್ನೂ ಒಳ್ಳೆಯದು. ಅದನ್ನು ಎಲ್ಲಿಡಬೇಕು? ಇಲ್ಲಿ ಎಲ್ಲರೂ ಸೋಲುತ್ತಾರೆ. ಮೇಜಿನ ಆ ಕಡೆ ಅನ್ನುತ್ತಾರೆ, ಪಕ್ಕದ ಕೋಣೆ ಅನ್ನುತ್ತಾರೆ. ಇಡಬೇಕಾದ್ದು 59 ಮೀಟರ್ ಆಚೆ, ಮೂರು ಕ್ರಿಕೆಟ್ ಪಿಚ್‌ಗಳನ್ನು ತುದಿಗೆ ತುದಿ ಜೋಡಿಸಿದಷ್ಟು ದೂರ.

ಒಂದು ಶಾಲೆಯ ಮೈದಾನದಲ್ಲಿ ಏಳನೇ ತರಗತಿಯ ಹುಡುಗಿಯ ಅಂಗೈಗೆ ಮೆಣಸಿಟ್ಟು, ಹೆಜ್ಜೆ ಎಣಿಸುತ್ತ ನಡೆ ಅಂದಿದ್ದೆ. ಅರ್ಧ ದಾರಿಯಲ್ಲಿ ನಿಂತು ತಿರುಗಿ ಕೂಗಿದಳು: "ಸಾರ್, ಭೂಮಿ ಎಲ್ಲೋ ಬಿದ್ದೋಯ್ತು!" ಮಣ್ಣಲ್ಲಿ ಹುಡುಕಿದರೂ ಸಿಗಲಿಲ್ಲ. ಜೇಬಿನಿಂದ ಇನ್ನೊಂದು ಕೊಟ್ಟೆ. ಅವಳು 59 ಮೀಟರ್ ತಲುಪಿ ಚೆಂಡಿನ ಕಡೆ ನೋಡಿದಾಗ ಅದು ಅವಳ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಂಡಿತೋ, ಆಕಾಶದ ಸೂರ್ಯ ನಮಗೆ ಕಾಣುವುದೂ ಅಷ್ಟೇ ದೊಡ್ಡದಾಗಿ. ಗಾತ್ರ, ದೂರ ಎರಡನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿದರೆ ನೋಟ ಬದಲಾಗುವುದಿಲ್ಲ.

ಹಾಗಾದರೆ ಪುಸ್ತಕದಲ್ಲಿರುವ ಚಿತ್ರಗಳೆಲ್ಲ ತಪ್ಪೇ?

ತಪ್ಪು ಅನ್ನುವುದಕ್ಕಿಂತ, ಕಾಗದಕ್ಕೆ ಆ ಶಕ್ತಿ ಇಲ್ಲ ಅನ್ನಿ. ಪುಟದ ಅಗಲ 18 ಸೆಂ.ಮೀ. ಅಂತಿಟ್ಟುಕೊಂಡು ಸೂರ್ಯ, ಭೂಮಿಗಳ ದೂರವನ್ನು ಅದರೊಳಗೆ ಸರಿಯಾಗಿ ಬರೆದರೆ ಸೂರ್ಯ ಒಂದೂಮುಕ್ಕಾಲು ಮಿ.ಮೀ. ಚುಕ್ಕೆಯಾಗುತ್ತಾನೆ, ಭೂಮಿ ಕಣ್ಣಿಗೇ ಕಾಣುವುದಿಲ್ಲ. ಆದ್ದರಿಂದ ಚಿತ್ರ ಬರೆಯುವವರು ಗಾತ್ರ ಹಿಗ್ಗಿಸಿ ದೂರ ಕುಗ್ಗಿಸುತ್ತಾರೆ. ನನ್ನ ತಕರಾರು ಇಷ್ಟೇ: ಅಡಿಯಲ್ಲಿ "ಪ್ರಮಾಣಬದ್ಧವಲ್ಲ" ಎಂದು ಒಂದು ಮಾತು ಬರೆದರೆ ಗಂಟೇನು ಹೋಗುತ್ತದೆ? ವಿಜ್ಞಾನ ಮೇಳದ ಥರ್ಮೋಕೋಲ್ ಮಾದರಿಗಳಲ್ಲಿ ಭೂಮಿ ಕಿತ್ತಳೆ, ಚಂದ್ರ ನಿಂಬೆ, ಎರಡರ ನಡುವೆ ನಾಲ್ಕು ಬೆರಳು ಜಾಗ. ಕಿತ್ತಳೆ 7 ಸೆಂ.ಮೀ. ಇದ್ದರೆ ಚಂದ್ರ ಎರಡು ಮೀಟರ್‌ಗೂ ಆಚೆ, ಮುಂದಿನ ಮಕ್ಕಳ ಮೇಜಿನ ಮೇಲಿರಬೇಕು.

ಸೂರ್ಯನಲ್ಲಿ 109 ಭೂಮಿ ಅಂತಲೂ ಹೇಳುತ್ತಾರೆ, 13 ಲಕ್ಷ ಅಂತಲೂ ಹೇಳುತ್ತಾರೆ. ಯಾವುದು ಸರಿ?

ಎರಡೂ. 109 ಅಗಲದ ಲೆಕ್ಕ. ಒಳಗೆ ತುಂಬುವ ಲೆಕ್ಕಕ್ಕೆ 109ನ್ನು 109ರಿಂದ, ಮತ್ತೆ 109ರಿಂದ ಗುಣಿಸಬೇಕು. ಸುಮಾರು 13 ಲಕ್ಷ ಬರುತ್ತದೆ. ತೂಕಕ್ಕೆ ಬಂದರೆ ಸೂರ್ಯ ಸುಮಾರು 3,33,000 ಭೂಮಿಗೆ ಮಾತ್ರ ಸಮ, ಏಕೆಂದರೆ ಅವನು ಬಹುಪಾಲು ಜಲಜನಕ, ಹೀಲಿಯಂ. ನಮ್ಮದು ಕಲ್ಲು, ಕಬ್ಬಿಣ. ಚಂದ್ರನ ವಿಷಯವೂ ಹೀಗೆಯೇ: ಗಾತ್ರದಲ್ಲಿ ಭೂಮಿಯ ಸುಮಾರು ಐವತ್ತರಲ್ಲಿ ಒಂದು ಪಾಲು, ದ್ರವ್ಯರಾಶಿಯಲ್ಲಿ 81ರಲ್ಲಿ ಒಂದು.

ನನಗೆ ಹೆಚ್ಚು ಇಷ್ಟವಾದ ಹೋಲಿಕೆ ಇನ್ನೊಂದಿದೆ. ಸೂರ್ಯನ ನಟ್ಟನಡುವೆ ಭೂಮಿಯನ್ನಿಟ್ಟು, ಚಂದ್ರ ಎಂದಿನ ದೂರದಲ್ಲೇ ಸುತ್ತಲಿ ಎಂದುಕೊಳ್ಳಿ. ಸೂರ್ಯನ ತ್ರಿಜ್ಯ ಸುಮಾರು 6,96,000 ಕಿ.ಮೀ. ಚಂದ್ರನ ಹಾದಿ ಅದರ ಅರ್ಧ ದಾಟಿ ಸ್ವಲ್ಪದರಲ್ಲೇ ಮುಗಿಯುತ್ತದೆ. ಆಚೆ ಇನ್ನೂ ಮೂರು ಲಕ್ಷ ಕಿ.ಮೀ. ಸೂರ್ಯನೇ.

ಇಷ್ಟು ವ್ಯತ್ಯಾಸ ಇದ್ದರೂ ಸೂರ್ಯ, ಚಂದ್ರ ಆಕಾಶದಲ್ಲಿ ಒಂದೇ ಗಾತ್ರ ಕಾಣುವುದು ಏಕೆ?

ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ. ದೂರವೂ ಸರಾಸರಿ 389 ಪಟ್ಟು. ಒಂದನ್ನೊಂದು ಬಹುತೇಕ ಹೊಡೆದುಹಾಕುತ್ತವೆ. ಇದಕ್ಕೆ ಯಾವ ನಿಯಮವೂ ಇಲ್ಲ, ಕಾಕತಾಳೀಯ.

"ಬಹುತೇಕ" ಅಂದೆ. ಚಂದ್ರನ ಹಾದಿ, ಭೂಮಿಯ ಹಾದಿ ಎರಡೂ ಪೂರ್ತಿ ವೃತ್ತವಲ್ಲ. ಆದ್ದರಿಂದ ಒಮ್ಮೆ ಚಂದ್ರಬಿಂಬ ಒಂದು ಕೂದಲೆಳೆ ದೊಡ್ಡದು, ಒಮ್ಮೆ ಸೂರ್ಯಬಿಂಬ. ಕರ್ನಾಟಕ ಎರಡನ್ನೂ ಕಂಡಿದೆ. 1980ರ ಫೆಬ್ರುವರಿ 16ರ ಮಧ್ಯಾಹ್ನ ಚಂದ್ರಬಿಂಬವೇ ದೊಡ್ಡದಾಗಿ, ಕಾರವಾರ, ಅಂಕೋಲಾ, ಹುಬ್ಬಳ್ಳಿ, ರಾಯಚೂರು ಸೀಮೆಯಲ್ಲಿ ಖಗ್ರಾಸ ಗ್ರಹಣವಾಯಿತು. ಹಗಲೇ ಕತ್ತಲು ಕವಿದ ಆ ಎರಡು ಚಿಲ್ಲರೆ ನಿಮಿಷ ನೋಡಿದವರಿಗಿಂತ ಬಾಗಿಲು ಹಾಕಿಕೊಂಡು ಒಳಗೆ ಕೂತವರೇ ಹೆಚ್ಚು ಅಂತ ಆ ಕಾಲದವರು ಈಗ ಪೇಚಾಡುತ್ತಾರೆ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಆದದ್ದು ಕಂಕಣ ಗ್ರಹಣ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರಲು ಹತ್ತೇ ದಿನ ಉಳಿದಿತ್ತು, ಸೂರ್ಯಬಿಂಬ ದೊಡ್ಡದಿತ್ತು. ಚಂದ್ರ ಅದನ್ನು ಪೂರ್ತಿ ಮುಚ್ಚಲಾಗದೆ ಸುತ್ತ ಬಳೆ ಉಳಿಯಿತು.

108ರ ರಹಸ್ಯ ಅಂತ ವಾಟ್ಸಾಪ್‌ನಲ್ಲಿ ಬರುತ್ತದೆ. ನಿಜವೇ?

ಬರುವುದು ಹೀಗೆ: ಸೂರ್ಯನ ದೂರ ಅವನ ವ್ಯಾಸದ 108 ಪಟ್ಟು, ಚಂದ್ರನ ದೂರ ಅವನ ವ್ಯಾಸದ 108 ಪಟ್ಟು, ಸೂರ್ಯನ ವ್ಯಾಸ ಭೂಮಿಯ 108 ಪಟ್ಟು. ಭಾಗಿಸಿ ನೋಡಿದೆ. ಮೊದಲನೆಯದು 107.5. ಎರಡನೆಯದು 110.6. ಮೂರನೆಯದು 109.2. ಹತ್ತಿರ ಇವೆ, ಸುಳ್ಳಲ್ಲ. ಆದರೆ ಮೊದಲ ಎರಡು ಬೇರೆ ಬೇರೆ ರಹಸ್ಯವಲ್ಲ. ಸೂರ್ಯ, ಚಂದ್ರ ಎರಡೂ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲ ಕಾಣುತ್ತವೆ. ಅರ್ಧ ಡಿಗ್ರಿಗಿಂತ ಚೂರು ಹೆಚ್ಚು ಕಾಣುವ ಯಾವ ವಸ್ತುವೇ ಆಗಲಿ, ತನ್ನ ಅಗಲದ ಸುಮಾರು 108 ಪಟ್ಟು ದೂರದಲ್ಲಿರಲೇಬೇಕು. 27 ಮಿ.ಮೀ. ಅಗಲದ ಹತ್ತು ರೂಪಾಯಿ ನಾಣ್ಯವನ್ನು ಮೂರು ಮೀಟರ್ ದೂರ ಹಿಡಿದರೂ ಅದೇ ಲೆಕ್ಕ. ಮೂರನೆಯದು ಮಾತ್ರ ನಿಜವಾದ ಕಾಕತಾಳೀಯ. ಜಪಮಣಿ ಎಣಿಸುವವರ ಶ್ರದ್ಧೆಗೆ ಈ ಭಾಗಾಕಾರದ ಆಸರೆ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಉಪಕರಣ ಇಲ್ಲದೆ ಮನೆಯಲ್ಲೇ ಏನಾದರೂ ಅಳೆಯಬಹುದೇ?

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಹಂಚಿನ ಸಂದಿಯಿಂದ ಬಿಸಿಲ ಕೋಲು ಇಳಿದು ನೆಲದ ಮೇಲೆ ಕಾಸಿನಂಥ ಬೆಳಕಿನ ಬಿಲ್ಲೆ ಬೀಳುತ್ತದೆ. ಸಂದಿ ಸೊಟ್ಟಗಿದ್ದರೂ ಬಿಲ್ಲೆ ಮಾತ್ರ ದುಂಡಗೆ. ಅದು ಸಂದಿಯ ಆಕಾರವಲ್ಲ, ಸೂರ್ಯನ ಬಿಂಬ. ಗ್ರಹಣದ ದಿನ ಅದೇ ಬಿಲ್ಲೆ ಕುಡುಗೋಲಿನಂತಾಗುತ್ತದೆ.

ಬಿಸಿಲ ಕೋಲಿಗೆ ಅಡ್ಡಲಾಗಿ ಬಿಳಿ ಹಾಳೆ ಹಿಡಿದು ಬಿಲ್ಲೆಯ ಅಗಲ ಅಳೆಯಿರಿ. ಸಂದಿಯಿಂದ ಹಾಳೆಯವರೆಗಿನ ಉದ್ದವನ್ನೂ ಅಳೆಯಿರಿ. ಮೂರು ಮೀಟರ್‌ಗೆ ಬಿಲ್ಲೆ 2.8 ಸೆಂ.ಮೀ. ಆಸುಪಾಸು ಬರುತ್ತದೆ, ಸಂದಿ ದೊಡ್ಡದಿದ್ದರೆ ಅದರ ಅಗಲವನ್ನು ಕಳೆಯಬೇಕು. ಉದ್ದವನ್ನು ಅಗಲದಿಂದ ಭಾಗಿಸಿದರೆ ಮೇಲೆ ಹೇಳಿದ 107 ನಿಮ್ಮ ಕೈಯಲ್ಲೇ ಸಿಗುತ್ತದೆ. ತಾರಸಿ ಮನೆಯವರು ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ ಕಿಟಕಿಗೆ ಅಂಟಿಸಬಹುದು. ತೂತಿನ ಮೂಲಕ ಸೂರ್ಯನನ್ನು ನೋಡಬೇಡಿ, ಹಾಳೆಯ ಮೇಲೆ ಬಿದ್ದದ್ದನ್ನು ಮಾತ್ರ ನೋಡಿ.

ಹುಣ್ಣಿಮೆ ಚಂದ್ರ ಮೂಡುವಾಗ ಅಷ್ಟು ದೊಡ್ಡದಾಗಿ ಇರುತ್ತಾನಲ್ಲ?

ಇರುವುದಿಲ್ಲ, ಕಾಣುತ್ತಾನೆ. ದಿಗಂತದಲ್ಲಿರುವಾಗ ಅವನು ನೆತ್ತಿಯ ಮೇಲಿರುವಾಗಿಗಿಂತ ಸುಮಾರು ಭೂಮಿಯ ತ್ರಿಜ್ಯದಷ್ಟು, ಅಂದರೆ 6,400 ಕಿ.ಮೀ.ವರೆಗೆ ದೂರ. ಹಾಗಾಗಿ ಒಂದು ಚೂರು ಚಿಕ್ಕವನೇ. ಕೈ ಚಾಚಿ ಅದೇ ಮೆಣಸಿನ ಕಾಳನ್ನು ಅವನ ಮೇಲೆ ಹಿಡಿದು ನೋಡಿ, ಮತ್ತೆ ರಾತ್ರಿ ಹತ್ತಕ್ಕೆ ಹಿಡಿದು ನೋಡಿ. ಎರಡು ಸಲವೂ ಕಾಳು ಅವನನ್ನು ಹೆಚ್ಚುಕಮ್ಮಿ ಮುಚ್ಚುತ್ತದೆ. ತೆಂಗಿನ ಮರ, ಮನೆಗಳ ಸಾಲಿನ ಪಕ್ಕ ಕಂಡಾಗ ಮಿದುಳು ಮೋಸ ಹೋಗುತ್ತದೆ.

ಸೂಪರ್ ಮೂನ್?

ಟಿವಿಯವರು ಹೇಳುವಷ್ಟಿಲ್ಲ. ಅತಿ ದೂರದ ಹುಣ್ಣಿಮೆಗೆ ಹೋಲಿಸಿದರೆ ಅತಿ ಹತ್ತಿರದ ಹುಣ್ಣಿಮೆ 14 ಶೇಕಡಾ ಅಗಲ. ಮಾಮೂಲಿ ಹುಣ್ಣಿಮೆಗೆ ಹೋಲಿಸಿದರೆ ಅದರ ಅರ್ಧ. ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ಚಂದ್ರ ಇಲ್ಲವಲ್ಲ, ಕಣ್ಣಿಗೆ ತಿಳಿಯುವುದು ಕಷ್ಟ.

ಭೂಮಿಯ ಗಾತ್ರವನ್ನೇ ಮೊದಲು ಹೇಗೆ ಕಂಡುಹಿಡಿದರು?

ಕ್ರಿ.ಪೂ. ಮೂರನೇ ಶತಮಾನದಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಎರಟೋಸ್ತನೀಸ್ ನೆರಳಿನಿಂದ ಅಳೆದ. ದಕ್ಷಿಣದ ಸೈಯೀನ್ ಊರಲ್ಲಿ ವರ್ಷಕ್ಕೊಂದು ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದು ನೆರಳೇ ಬೀಳುತ್ತಿರಲಿಲ್ಲ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ಬಿಸಿಲು 7.2 ಡಿಗ್ರಿ ಓರೆ. ಅದು ವೃತ್ತದ ಐವತ್ತನೇ ಒಂದು ಭಾಗ. ಎರಡು ಊರಿನ ದೂರವನ್ನು ಐವತ್ತರಿಂದ ಗುಣಿಸಿದ, ಭೂಮಿಯ ಸುತ್ತಳತೆ ಬಂತು.

ಇದನ್ನು ನಮ್ಮಲ್ಲೇ ಮಾಡಲು ಅವನಿಗಿಂತ ಒಳ್ಳೆಯ ಜೋಡಿ ಊರುಗಳಿವೆ: ಬೆಂಗಳೂರು ಮತ್ತು ಬೀದರ್. ನಕ್ಷೆ ನೋಡಿ, ಬೀದರ್ ಬೆಂಗಳೂರಿನ ನೇರ ಉತ್ತರಕ್ಕೇ ಇದೆ. ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ. ಆಗಸ್ಟ್ ಮೂರನೇ ವಾರದಲ್ಲಿ ಇನ್ನೊಮ್ಮೆ ಹೀಗಾಗುತ್ತದೆ. ಅದೇ ಹೊತ್ತಿಗೆ ಬೀದರಿನಲ್ಲಿ ಒಂದು ಮೀಟರ್ ಕೋಲಿನ ನೆರಳು ಎಂಟೂವರೆ ಸೆಂ.ಮೀ. ಚಿಲ್ಲರೆ ಇರುತ್ತದೆ, ಅಂದರೆ ಸುಮಾರು 5 ಡಿಗ್ರಿ ಓರೆ. ಎರಡೂ ಊರಿನ ನಡುವಿನ ನೇರ ದೂರ ಸುಮಾರು 550 ಕಿ.ಮೀ. 5 ಡಿಗ್ರಿ ಅಂದರೆ ವೃತ್ತದ 72ನೇ ಒಂದು ಭಾಗ. 550ನ್ನು 72ರಿಂದ ಗುಣಿಸಿದರೆ 39,600. ನಿಜವಾದ ಸುತ್ತಳತೆ ಸುಮಾರು 40,000 ಕಿ.ಮೀ. ಬೀದರಿನಲ್ಲಿ ಒಬ್ಬ ಸೋದರಮಾವ ಇದ್ದರೆ ಫೋನಿನಲ್ಲೇ ಮುಗಿಯುವ ಕೆಲಸ. ಬಸ್ಸಿನ ರಸ್ತೆ ದೂರ ಹಾಕಿ ಗುಣಿಸಬೇಡಿ, ಭೂಮಿ ಉಬ್ಬಿಬಿಡುತ್ತದೆ.

ನಮ್ಮ ಹಿಂದಿನವರಿಗೆ ಸೂರ್ಯ, ಚಂದ್ರರ ದೂರ ಗೊತ್ತಿತ್ತೇ?

ಚಂದ್ರನದು ಚೆನ್ನಾಗಿ ಗೊತ್ತಿತ್ತು, ಸೂರ್ಯನದು ಇಲ್ಲ. ಇಲ್ಲಿ ಮಾತ್ರವಲ್ಲ, ಎಲ್ಲೂ ಇರಲಿಲ್ಲ.

499ರಲ್ಲಿ, 23ರ ವಯಸ್ಸಿನ ಆರ್ಯಭಟ ಕೊಟ್ಟ ವ್ಯಾಸಗಳು ಹೀಗಿವೆ: ಭೂಮಿ 1,050 ಯೋಜನ, ಚಂದ್ರ 315, ಸೂರ್ಯ 4,410. ಯೋಜನ ಅಂದರೆ ಎಷ್ಟು ಕಿ.ಮೀ. ಎಂಬ ಜಗಳ ಬೇಡ, ಅನುಪಾತ ನೋಡಿ. ಅವನ ಪ್ರಕಾರ ಭೂಮಿ ಚಂದ್ರನ 3.33 ಪಟ್ಟು, ಇಂದಿನ ಲೆಕ್ಕ 3.67. ಅವನ ಲೆಕ್ಕದಿಂದ ಹೊರಡುವ ಚಂದ್ರನ ದೂರ ಸುಮಾರು 33 ಭೂಮಿಗಳಷ್ಟು. ಇಂದಿನ ಲೆಕ್ಕ 30. ಒಂದೂವರೆ ಸಾವಿರ ವರ್ಷದ ಹಿಂದೆ! ಆದರೆ ಸೂರ್ಯ ಅವನಿಗೆ ಭೂಮಿಯ 4.2 ಪಟ್ಟು ಮಾತ್ರ. ಇರಬೇಕಾದ್ದು 109.

ತಪ್ಪು ಎಲ್ಲಾಯಿತು? ಎಲ್ಲ ಗ್ರಹಗಳೂ ದಿನಕ್ಕೆ ಸಮನಾದ ಯೋಜನ ನಡೆಯುತ್ತವೆ ಎಂದು ಆ ಕಾಲದ ನಮ್ಮ ಜ್ಯೋತಿಷಿಗಳು ಇಟ್ಟುಕೊಂಡಿದ್ದರು. ಹಾಗಾದರೆ ಸುತ್ತಲು ಹೆಚ್ಚು ದಿನ ಹಿಡಿದವನ ಹಾದಿ ಅಷ್ಟೇ ಪಟ್ಟು ದೊಡ್ಡದು. ಚಂದ್ರನಿಗೆ 27 ದಿನ ಚಿಲ್ಲರೆ, ಸೂರ್ಯನಿಗೆ 365, ಭಾಗಿಸಿದರೆ 13.4. ಅಲ್ಲಿಗೆ ಸೂರ್ಯ ಚಂದ್ರನಿಗಿಂತ 13 ಪಟ್ಟು ಚಿಲ್ಲರೆ ಮಾತ್ರ ದೂರವಾದ. ಒಂದೇ ಗಾತ್ರ ಕಾಣುವುದರಿಂದ ಅಗಲವೂ ಅಷ್ಟೇ ಪಟ್ಟಾಯಿತು.

ಗ್ರೀಕರ ಅರಿಸ್ಟಾರ್ಕಸ್ ಬೇರೆ ದಾರಿ ಹಿಡಿದ. ಚಂದ್ರ ಸರಿಯಾಗಿ ಅರ್ಧ ಬೆಳಗಿದಾಗ ಸೂರ್ಯನಿಗೂ ಚಂದ್ರನಿಗೂ ನಡುವಿನ ಕೋನ ಅಳೆದರೆ ದೂರದ ಅನುಪಾತ ಸಿಗುತ್ತದೆ. ಉಪಾಯ ಪೂರ್ತಿ ಸರಿ. ಆದರೆ ಅವನು 87 ಡಿಗ್ರಿ ಅಂತ ಹಿಡಿದ, ಇರುವುದು 89.85. ಆ ಮೂರು ಡಿಗ್ರಿಗೂ ಕಡಿಮೆ ವ್ಯತ್ಯಾಸ 389 ಪಟ್ಟನ್ನು 19 ಪಟ್ಟಿನ ಆಸುಪಾಸಿಗೆ ಇಳಿಸಿತು. ಬರಿಗಣ್ಣಲ್ಲಿ ಅರ್ಧಚಂದ್ರ ಯಾವ ಗಳಿಗೆಗೆ ಆಯಿತೆಂದು ನಿಮಿಷ ಹಿಡಿದು ಹೇಳುವುದು ಯಾರಿಂದ ಆದೀತು?

ಹಾಗಾದರೆ ಸೂರ್ಯನ ದೂರ ಯಾವಾಗ ಸರಿಯಾಗಿ ಸಿಕ್ಕಿತು?

18ನೇ ಶತಮಾನದಲ್ಲಿ, ಶುಕ್ರಗ್ರಹ ಸೂರ್ಯಬಿಂಬದ ಎದುರು ಚುಕ್ಕೆಯಂತೆ ಹಾದುಹೋಗುವುದನ್ನು ಭೂಮಿಯ ಬೇರೆ ಬೇರೆ ಮೂಲೆಗಳಿಂದ ನೋಡಿ. ಒಂದು ಬೆರಳನ್ನು ಎಡಗಣ್ಣು, ಬಲಗಣ್ಣಿನಿಂದ ನೋಡಿದಾಗ ಜಾಗ ಬದಲಾದಂತೆ ಕಾಣುತ್ತದಲ್ಲ, ಅದೇ ತತ್ವ. 1761 ಮತ್ತು 1769ರ ಸಂಕ್ರಮಕ್ಕೆ ಯುರೋಪಿನಿಂದ ದಂಡುದಂಡಾಗಿ ಹೊರಟರು. ಅವರಲ್ಲಿ ಫ್ರಾನ್ಸಿನ ಲ ಜಾಂಟಿಲ್‌ನ ಪಾಡು ಯಾರಿಗೂ ಬೇಡ. ಅವನು ಪುದುಚೇರಿಗೆ ಬರುವಷ್ಟರಲ್ಲಿ ಅದು ಬ್ರಿಟಿಷರ ವಶವಾಗಿತ್ತು. ಸಂಕ್ರಮದ ದಿನ ಓಲಾಡುವ ಹಡಗಿನಲ್ಲೇ ಕಳೆದ. ಎಂಟು ವರ್ಷ ಈ ಕಡೆಯೇ ಉಳಿದು ಪುದುಚೇರಿಯಲ್ಲಿ ವೀಕ್ಷಣಾಲಯ ಕಟ್ಟಿಸಿ ಕಾದ. 1769ರ ಆ ಬೆಳಗ್ಗೆ ಮೋಡ. ಊರಿಗೆ ಮರಳಿದಾಗ ಸತ್ತನೆಂದು ತಿಳಿದು ಆಸ್ತಿ ಪಾಲಿಗೆ ಕೂತಿದ್ದರು.

ಬೇರೆಯವರ ಅಳತೆಗಳಿಂದ ಬಂದ ದೂರ ಸುಮಾರು 15.3 ಕೋಟಿ ಕಿ.ಮೀ. 1961ರಲ್ಲಿ ಶುಕ್ರನಿಗೆ ರೇಡಾರ್ ಅಲೆ ಬಡಿದು ಮರಳಿದ ಮೇಲೆ ಚರ್ಚೆ ಮುಗಿಯಿತು. ಈಗ ಇದನ್ನು 14,95,97,870.7 ಕಿ.ಮೀ. ಎಂದು 2012ರಲ್ಲಿ ನಿಗದಿ ಮಾಡಿದ್ದಾರೆ. ಬೆಳಕಿಗೆ ಈ ದಾರಿ 8 ನಿಮಿಷ 19 ಸೆಕೆಂಡ್. ಚಂದ್ರನಿಂದ ಬರಲು 1.3 ಸೆಕೆಂಡ್ ಸಾಕು.

ನಮ್ಮ ಆದಿತ್ಯ-ಎಲ್1 ಸೂರ್ಯನ ಹತ್ತಿರ ಹೋಗಿದೆಯಲ್ಲ?

ಹತ್ತಿರವೇನಿಲ್ಲ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ಕ್ಕೆ ತಲುಪಿದ ಅದರ ತಾಣ ನಮ್ಮಿಂದ 15 ಲಕ್ಷ ಕಿ.ಮೀ. ಚಂದ್ರನ ನಾಲ್ಕು ಪಟ್ಟು ದೂರ ನಿಜ, ಆದರೆ ಸೂರ್ಯನ ದಾರಿಯಲ್ಲಿ ನೂರಕ್ಕೆ ಒಂದು ಪಾಲು. ಮೆಣಸು, ಚೆಂಡಿನ ಲೆಕ್ಕದಲ್ಲಿ 59 ಮೀಟರ್‌ನಲ್ಲಿ 59 ಸೆಂ.ಮೀ. ನಡೆದಂತೆ. ಅದರ ಕೆಲಸ ಹತ್ತಿರ ಹೋಗುವುದಲ್ಲ, ಗ್ರಹಣ ಅಡ್ಡಬರದ ಜಾಗದಲ್ಲಿ ನಿಂತು ಹಗಲು ರಾತ್ರಿ ನೋಡುವುದು. ಅದರ ಮುಖ್ಯ ಉಪಕರಣ, ಸೂರ್ಯನ ಪ್ರಭಾವಲಯ ನೋಡುವ ದೂರದರ್ಶಕ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಕೇಂದ್ರದಲ್ಲಿ ತಯಾರಾಯಿತು. ನಿಜಕ್ಕೂ ಹತ್ತಿರ ಹೋಗಿರುವುದು ಅಮೆರಿಕದ ಪಾರ್ಕರ್ ನೌಕೆ; 2024ರ ಡಿಸೆಂಬರ್‌ನಲ್ಲಿ ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿ.ಮೀ. ದೂರಕ್ಕೆ ಹೋಗಿ ಸುಡದೆ ಹೊರಬಂತು.

ಬಸ್ಸಲ್ಲಿ ಹೋದರೆ ಎಷ್ಟು ದಿನ?

ಮಕ್ಕಳ ಖಾಯಂ ಪ್ರಶ್ನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಟೀಗೂ ನಿಲ್ಲಿಸದೆ ಹೋದರೆ ಚಂದ್ರನಿಗೆ ಸುಮಾರು 267 ದಿನ, ಸೂರ್ಯನಿಗೆ ಸುಮಾರು 285 ವರ್ಷ. ಟಿಕೆಟ್ ಎಷ್ಟು ಅಂತ ಮುಂದಿನ ಪ್ರಶ್ನೆ ಬರುತ್ತದೆ, ಅದಕ್ಕೆ ನಾನು ಉತ್ತರಿಸುವುದಿಲ್ಲ.

ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ, ಅದಕ್ಕೇ ಸೆಕೆ ಅಲ್ಲವೇ?

ಉಲ್ಟಾ. ಅತಿ ಹತ್ತಿರ ಇರುವುದು ಜನವರಿ ಮೊದಲ ವಾರ, 14.71 ಕೋಟಿ ಕಿ.ಮೀ.; ಆಗ ನಾವು ಶಾಲು ಹೊದ್ದಿರುತ್ತೇವೆ. ಅತಿ ದೂರ ಜುಲೈ ಮೊದಲ ವಾರ, 15.21 ಕೋಟಿ. ಸೆಕೆಗೆ ಕಾರಣ ದೂರವಲ್ಲ, ಬಿಸಿಲು ಬೀಳುವ ಓರೆ. ಏಪ್ರಿಲ್‌ನಲ್ಲಿ ನಮಗೆ ಅದು ನೆತ್ತಿಯ ಮೇಲೇ ಬೀಳುತ್ತದೆ.

ಚಂದ್ರ ನಮ್ಮಿಂದ ದೂರ ಸರಿಯುತ್ತಿದ್ದಾನಂತೆ?

ಹೌದು, ವರ್ಷಕ್ಕೆ 3.8 ಸೆಂ.ಮೀ. ಅಪೊಲೊ ಯಾತ್ರಿಗಳು ಅಲ್ಲಿಟ್ಟು ಬಂದ ಪ್ರತಿಫಲಕಗಳಿಗೆ ಇಲ್ಲಿಂದ ಲೇಸರ್ ಬಿಟ್ಟು, ಅದು ಮರಳುವ ಸಮಯ ಅಳೆದು ಕಂಡುಕೊಂಡದ್ದು. ನಮ್ಮ ವಿಕ್ರಮ್ ಲ್ಯಾಂಡರ್ ಮೇಲೂ ನಾಸಾ ಕೊಟ್ಟ ಪುಟ್ಟ ಪ್ರತಿಫಲಕವೊಂದಿದೆ. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುವ ಅಮೆರಿಕದ ನೌಕೆಯೊಂದು ಅದಕ್ಕೆ ಲೇಸರ್ ಬಿಟ್ಟು ಮರಳಿ ಪಡೆಯಿತು. ಸಮುದ್ರದ ಉಬ್ಬರ ಭೂಮಿಯ ತಿರುಗುವಿಕೆಯನ್ನು ನಿಧಾನ ಮಾಡುತ್ತದೆ. ಭೂಮಿ ಕಳೆದುಕೊಂಡದ್ದು ಚಂದ್ರನಿಗೆ ಸಿಕ್ಕಿ ಅವನ ಹಾದಿ ಹಿಗ್ಗುತ್ತದೆ. ಹೀಗೇ ಸುಮಾರು 60 ಕೋಟಿ ವರ್ಷ ಕಳೆದರೆ ಸೂರ್ಯನನ್ನು ಪೂರ್ತಿ ಮುಚ್ಚುವಷ್ಟು ದೊಡ್ಡದಾಗಿ ಅವನು ಕಾಣುವುದಿಲ್ಲ. ಆಮೇಲೆ ಕಂಕಣ ಗ್ರಹಣಗಳಷ್ಟೇ.

ನಮಗೆ ಅಷ್ಟು ಕಾಯುವ ಕೆಲಸವಿಲ್ಲ. 2031ರ ಮೇ 21ರ ಕಂಕಣ ಗ್ರಹಣ ಪಕ್ಕದ ಕೇರಳ, ತಮಿಳುನಾಡುಗಳ ಮೇಲೆ ಹಾದುಹೋಗುತ್ತದೆ. 2034ರ ಮಾರ್ಚ್ 20ರ ಖಗ್ರಾಸ ಲಡಾಖ್‌ನಲ್ಲಿ. ಗ್ರಹಣದ ಕನ್ನಡಕ ಮೊದಲೇ ತೆಗೆದಿಟ್ಟುಕೊಳ್ಳಿ. ಹಿಂದಿನ ವಾರ ಹುಡುಕಿದರೆ ಸಿಗುವುದಿಲ್ಲ.